ಹೊಸ ಟ್ರೇಲ್ ಶೂ ಪರೀಕ್ಷೆ: ಜಾರಿದ್ದು ಅಟ್ಟೆಯೋ, ಒಳಗಿನ ಪಾದವೋ?

ಕಳೆದ ವರ್ಷ ಆಷಾಢದ ಒಂದು ಭಾನುವಾರ ಪುಣೆಯ ಹತ್ತಿರದ ಸಿಂಹಗಡ ಕೋಟೆಯಿಂದ ಕೆಳಗಿನ ಅತಕರವಾಡಿಯ ಕಡೆಗೆ ಇಳಿಯುವಾಗ ನಾನು ಎರಡು ಸಲ ಜಾರಿದೆ. ಕಾಲಲ್ಲಿದ್ದದ್ದು ಕೊಂಡು ಇನ್ನೂ ವಾರವಾಗದ ಟ್ರೇಲ್ ಶೂ, ಅಂದರೆ ಗುಡ್ಡದ ಕಚ್ಚಾದಾರಿಗಳಲ್ಲಿ ಓಡಲೆಂದು ಮಾಡಿದ ಶೂ. ಎರಡನೆಯ ಸಲ ಬಿದ್ದು ಅಂಗೈ ತರಚಿಕೊಂಡಾಗ, ಅಟ್ಟೆಯ ರಬ್ಬರು ಕಳಪೆ ಎಂದು ಅಲ್ಲಿಯೇ ತೀರ್ಮಾನಿಸಿಬಿಟ್ಟೆ. ಹಿಂದೆಯೇ ಇಳಿಯುತ್ತಿದ್ದ, ಬಹಳ ವರ್ಷಗಳಿಂದ ಈ ಬೆಟ್ಟವನ್ನು ಹತ್ತಿಳಿಯುತ್ತಿರುವ ಧಾರವಾಡದ ಕಾಕಾ ಅದನ್ನು ಒಪ್ಪಲಿಲ್ಲ. "ತಮ್ಮಾ, ಬೂಟು ನೆಲದ ಮ್ಯಾಲೆ ಗಟ್ಟಿ ನಿಂತಿತ್ತು. ಬೂಟಿನ ಒಳಗ ನಿನ್ನ ಕಾಲು ಜಾರೇದ" ಎಂದರು. ಮನೆಗೆ ಬಂದು ಕಾಲುಚೀಲ ಕಳಚಿದಾಗ ಎರಡೂ ಹೆಬ್ಬೆರಳುಗಳ ಉಗುರಿನ ಬುಡ ಕೆಂಪಾಗಿತ್ತು, ಬಲ ಹಿಮ್ಮಡಿಯ ಹಿಂದೆ ಗುಳ್ಳೆ ಎದ್ದಿತ್ತು. ಅವರು ಹೇಳಿದ್ದೇ ನಿಜವಾಗಿತ್ತು.

ಹೊಸ ಟ್ರೇಲ್ ಶೂವನ್ನು ಪರೀಕ್ಷಿಸುವುದೆಂದರೆ ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಗುರುತಿಸುವುದೇ ಆಗಿದೆ. ಜಾರಿಕೆ ಮೂರು ಕಡೆ ಆಗಬಹುದು. ರಬ್ಬರು ಕಲ್ಲಿನ ಮೇಲೆ ಜಾರಬಹುದು. ರಬ್ಬರು ನೆಲವನ್ನು ಹಿಡಿದಿದ್ದರೂ ಆ ನೆಲದ ಮೇಲ್ಪದರವೇ ಕಿತ್ತುಬಂದು ಶೂವಿನೊಂದಿಗೆ ಸರಿಯಬಹುದು. ಅಟ್ಟೆಯೂ ನೆಲವೂ ಕದಲದಿದ್ದಾಗ ಪಾದವು ಶೂವಿನ ಒಳಗೇ ಮುಂದಕ್ಕೆ ಸರಿಯಬಹುದು. ಮೂರರಲ್ಲಿಯೂ ಓಡುವವನಿಗೆ ಆಗುವ ಅನುಭವ ಒಂದೇ, ಕಾಲು ತಪ್ಪಿತು ಎಂಬುದು. ಆದರೆ ಮೊದಲನೆಯದಕ್ಕೆ ರಬ್ಬರಿನ ಗುಣ ಕಾರಣ, ಎರಡನೆಯದಕ್ಕೆ ಅಟ್ಟೆಯ ಹಲ್ಲುಗಳ ಆಕಾರ ಕಾರಣ, ಮೂರನೆಯದಕ್ಕೆ ಅಳತೆ ಮತ್ತು ಲೇಸು ಕಟ್ಟುವ ಕ್ರಮ ಕಾರಣ. ಯಾವುದು ಜಾರಿತೆಂದು ತಿಳಿಯದೆ ಶೂ ಬದಲಿಸುವವರು ಅದೇ ತಪ್ಪನ್ನು ಮತ್ತೊಮ್ಮೆ ಹಣ ಕೊಟ್ಟು ತರುತ್ತಾರೆ.

ಮೊದಲು ನೆಲದ ವಿಷಯ. ಪುಣೆಯ ವೇತಾಳ ಟೇಕಡಿ (ಟೇಕಡಿ ಎಂದರೆ ಮರಾಠಿಯಲ್ಲಿ ಗುಡ್ಡ), ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿ, ತಳಜಾಯಿ, ಸಿಂಹಗಡ ಇವೆಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ ಲಾವಾದಿಂದ ಆದ ಬಸಾಲ್ಟ್ ಕಲ್ಲಿನ ಗುಡ್ಡಗಳು. ವಿಜಯಪುರ, ಕಲಬುರಗಿ ಜಿಲ್ಲೆಗಳ ಬಹುಭಾಗದ ಅಡಿಯಲ್ಲಿರುವುದೂ ಇದೇ ಕರಿಗಲ್ಲು. ಈ ಕಲ್ಲು ಬರಿದಾಗಿ ಎದ್ದಿರುವಲ್ಲಿ ಬಂಡೆ. ಬಿಸಿಲು ಮಳೆಗಳಿಗೆ ಅರ್ಧ ಕೊಳೆತು ಉದುರಿದಲ್ಲಿ ಮರಾಠಿಯವರು ಮುರುಮ್ ಎನ್ನುವ, ನಮ್ಮ ಕಡೆ ಗರಸು ಎನ್ನುವ ಕೆಂಗಂದು ಬಣ್ಣದ ಸಣ್ಣಕಲ್ಲು. ಪೂರ್ತಿ ಮಣ್ಣಾದಲ್ಲಿ ಎರೆ. ಮಳೆಗಾಲ ಕಳೆದ ಮೇಲೆ ಟೇಕಡಿಯ ಇಳಿಜಾರುಗಳಲ್ಲಿ ಗಟ್ಟಿನೆಲದ ಮೇಲೆ ಹರಡಿಕೊಂಡ ಗರಸು ಗೋಲಿಗಳಂತೆ ಉರುಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ, ತಗ್ಗಿನಲ್ಲಿ ಎರೆಮಣ್ಣು ಅಟ್ಟೆಗೆ ಮೆತ್ತಿಕೊಳ್ಳುತ್ತದೆ. ಒಂದೇ ಓಟದಲ್ಲಿ, ಕೆಲವೊಮ್ಮೆ ಒಂದೇ ನೂರು ಹೆಜ್ಜೆಯಲ್ಲಿ, ಇವೆಲ್ಲವೂ ಎದುರಾಗುತ್ತವೆ. ಆದ್ದರಿಂದ "ಈ ಶೂವಿಗೆ ಹಿಡಿತ ಚೆನ್ನಾಗಿದೆಯೇ" ಎಂಬ ಪ್ರಶ್ನೆಗೆ, ಯಾವ ನೆಲದ ಮೇಲೆ ಎಂದು ಕೇಳದ ಹೊರತು ಉತ್ತರವಿಲ್ಲ.

ರಬ್ಬರು ಕಲ್ಲನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು, ಮೇಲ್ಮೈಗೆ ಮೇಲ್ಮೈ ಅಂಟುವುದರಿಂದ. ರಬ್ಬರು ಮತ್ತು ಕಲ್ಲು ನೇರವಾಗಿ ಒಂದಕ್ಕೊಂದು ತಾಗಿದಲ್ಲಿ ಮಾತ್ರ ಇದು ನಡೆಯುತ್ತದೆ. ಎರಡನೆಯದು, ಮೆತ್ತನೆಯ ರಬ್ಬರು ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುವುದರಿಂದ. ಅಲ್ಲಿಂದ ಜಾರಬೇಕಾದರೆ ಅದು ಪ್ರತಿ ಉಬ್ಬನ್ನೂ ದಾಟುತ್ತಾ ತಗ್ಗಿ, ಮತ್ತೆ ತನ್ನ ಆಕಾರಕ್ಕೆ ಮರಳಬೇಕು, ಆ ಮರಳುವಿಕೆ ನಿಧಾನವಾದಷ್ಟೂ ಜಾರುವ ಶಕ್ತಿ ಅದರಲ್ಲಿಯೇ ಕರಗಿಹೋಗುತ್ತದೆ. ನೀರಿನ ತೆಳುವಾದ ಪದರ ನಡುವೆ ಬಂದ ಕೂಡಲೇ ಮೊದಲನೆಯ ಹಿಡಿತ ಬಹಳಷ್ಟು ಕಡಿಮೆಯಾಗುತ್ತದೆ. ಎರಡನೆಯದು ಉಳಿಯುತ್ತದೆ, ಆದರೆ ಕಲ್ಲು ಒರಟಾಗಿದ್ದರೆ ಮಾತ್ರ. ಒರಟು ಬಂಡೆಯ ಮೇಲೆ ಮಳೆಯಲ್ಲಿಯೂ ನಿಲ್ಲುವ ಶೂ, ಸಾವಿರಾರು ಪಾದಗಳು ಸವೆಸಿ ನುಣುಪಾಗಿಸಿದ ಕೋಟೆಯ ಮೆಟ್ಟಿಲಿನ ಮೇಲೆ ಜಾರುವುದಕ್ಕೆ ಇದೇ ಕಾರಣ. ಪಾಚಿಯಂತೂ ಉಳಿದ ಉಬ್ಬುತಗ್ಗುಗಳನ್ನೂ ತುಂಬಿ ಲೋಳೆಯಾಗಿಸಿಬಿಡುತ್ತದೆ. ಪಾಚಿಯ ಮೇಲೆ ಹಿಡಿಯುತ್ತದೆ ಎಂದು ಯಾವ ಶೂವನ್ನೂ ನಂಬಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಲ್ಲಿ ಹೆಜ್ಜೆಯ ಜಾಗವನ್ನೇ ಬದಲಿಸಬೇಕು.

ಎಷ್ಟು ಹಿಡಿತ ಬೇಕು ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. 30 ಡಿಗ್ರಿ ಇಳಿಜಾರಿನ ಬಂಡೆಯ ಮೇಲೆ ಸುಮ್ಮನೆ ನಿಲ್ಲುವುದಕ್ಕೇ ಘರ್ಷಣೆಯ ಗುಣಾಂಕ, ಅಂದರೆ ಒತ್ತುವ ಭಾರಕ್ಕೆ ಹೋಲಿಸಿದರೆ ಹಿಡಿತ ಎಷ್ಟು ಎಂಬ ಅಂಕೆ, 0.58ರಷ್ಟಾದರೂ ಇರಬೇಕು. ಓಡಿ ಇಳಿಯುವಾಗ ಪಾದವು ದೇಹಕ್ಕಿಂತ ಮುಂದೆ ಬಿದ್ದು ವೇಗವನ್ನು ತಡೆಯುವುದರಿಂದ ಬೇಡಿಕೆ ಇನ್ನೂ ಹೆಚ್ಚುತ್ತದೆ. ಹತ್ತುವಾಗ ಒಂದಿಷ್ಟೂ ಜಾರದ ಶೂ ಅದೇ ದಾರಿಯಲ್ಲಿ ಇಳಿಯುವಾಗ ಕೈಕೊಡುವುದರಲ್ಲಿ ವಿಚಿತ್ರವೇನೂ ಇಲ್ಲ. ಪರೀಕ್ಷೆಯ ಫಲಿತಾಂಶ ಬರುವುದು ಇಳಿಜಾರಿನಲ್ಲಿಯೇ.

ಈ ರಬ್ಬರು ಅಟ್ಟೆಯ ಹಿಂದೆ ಒಂದು ದುಃಖದ ಘಟನೆಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಜೊತೆಗಾರರು ಸತ್ತರು. ಅಂದಿನ ಪಾದರಕ್ಷೆಗಳು ಆ ಹವೆಗೂ ಆ ಬಂಡೆಗೂ ತಕ್ಕವಾಗಿರಲಿಲ್ಲ ಎಂಬುದು ಬ್ರಮಾನಿಯವರನ್ನು ಕಾಡಿತು. ಟೈರ್ ತಯಾರಿಸುತ್ತಿದ್ದ ಪಿರೆಲ್ಲಿ ಕಂಪನಿಯ ನೆರವಿನಿಂದ 1937ರಲ್ಲಿ ಅವರು ಆಳವಾದ ಹಲ್ಲುಗಳಿರುವ ರಬ್ಬರು ಅಟ್ಟೆಯನ್ನು ತಂದರು. ಅವರ ಹೆಸರಿನ ಮೊದಲ ಅಕ್ಷರಗಳೇ ಸೇರಿ ವಿಬ್ರಮ್ ಎಂಬ ಹೆಸರಾಯಿತು. 1954ರಲ್ಲಿ ಕೆ-2 ಶಿಖರವನ್ನು ಮೊದಲ ಬಾರಿಗೆ ಏರಿದ ಇಟಲಿಯ ತಂಡ ಧರಿಸಿದ್ದೂ ಇದೇ ಅಟ್ಟೆಯನ್ನು. ಇಂದು ಹಲವು ಕಂಪನಿಗಳು ತಮ್ಮ ಶೂಗಳಿಗೆ ವಿಬ್ರಮ್ ಅಟ್ಟೆಯನ್ನು ಹಾಕುತ್ತವೆ, ಇನ್ನು ಕೆಲವು ತಮ್ಮದೇ ರಬ್ಬರನ್ನು ಬಳಸುತ್ತವೆ. ಹಳದಿ ಬಣ್ಣದ ಆ ಗುರುತು ಇದ್ದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ. ಒಂದೇ ಕಂಪನಿ ಮೆತ್ತನೆಯ ರಬ್ಬರನ್ನೂ ಗಟ್ಟಿ ರಬ್ಬರನ್ನೂ ತಯಾರಿಸುತ್ತದೆ. ಮೆತ್ತನೆಯದು ಹೆಚ್ಚು ಹಿಡಿಯುತ್ತದೆ, ಬೇಗ ಸವೆಯುತ್ತದೆ.

ರಬ್ಬರನ್ನು ನಾನು ಪರೀಕ್ಷಿಸುವುದು ನಮ್ಮ ಕಟ್ಟಡದ ಹಿಂದಿರುವ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅದು ಕರಿಗಲ್ಲಿನ ಚಪ್ಪಡಿ, ಒಂದು ಬದಿ ಸವೆದು ನುಣುಪಾಗಿದೆ, ಇನ್ನೊಂದು ಬದಿಯಲ್ಲಿ ಉಳಿಯ ಗುರುತುಗಳು ಇನ್ನೂ ಇವೆ. ಎಡಗಾಲಿಗೆ ನನಗೆ ಚೆನ್ನಾಗಿ ಗೊತ್ತಿರುವ ಹಳೆಯ ಶೂ, ಬಲಗಾಲಿಗೆ ಹೊಸದು ಹಾಕಿಕೊಂಡು, ಒಂದು ತಂಬಿಗೆ ನೀರು ಸುರಿದು, ಗೋಡೆಯನ್ನು ಹಿಡಿದುಕೊಂಡು ಒಂದೊಂದೇ ಕಾಲಿನ ಮೇಲೆ ಭಾರ ಹಾಕಿ ಮುಂದಕ್ಕೆ ತಳ್ಳಿ ನೋಡುತ್ತೇನೆ. ಎರಡು ಶೂಗಳ ಎತ್ತರ ಬೇರೆ ಬೇರೆ ಇರುವುದರಿಂದ ಹೀಗೆ ಓಡಬಾರದು, ನಿಂತು ನೋಡಿದರೆ ಸಾಕು. ಎರಡು ಕಾಲುಗಳು ಒಂದೇ ಕಲ್ಲಿನ ಮೇಲೆ, ಒಂದೇ ನೀರಿನಲ್ಲಿ, ಒಂದೇ ಕ್ಷಣದಲ್ಲಿ ನಿಂತಿರುವಾಗ ಸಿಗುವ ಹೋಲಿಕೆ, ಹೋದ ವಾರದ ಓಟವನ್ನು ನೆನಪಿನಿಂದ ಹೋಲಿಸುವುದಕ್ಕಿಂತ ಹೆಚ್ಚು ನಂಬಲರ್ಹವಾದದ್ದು. ಒಂದು ಎಚ್ಚರಿಕೆಯಿದೆ: ಅಚ್ಚಿನಿಂದ ರಬ್ಬರನ್ನು ಸುಲಭವಾಗಿ ಬಿಡಿಸಲು ಕಾರ್ಖಾನೆಯಲ್ಲಿ ಬಳಸುವ ಲೇಪದ ಉಳಿಕೆ ಹೊಸ ಅಟ್ಟೆಯ ಮೇಲೆ ಇರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಒಣನೆಲದ ಮೇಲೆ ಓಡಿ ಆ ಮಿಣುಕು ಹೋದ ಮೇಲೆಯೇ ಒದ್ದೆಕಲ್ಲಿನ ತೀರ್ಪು ಕೊಡಬೇಕು. ಮೊದಲ ದಿನವೇ ಮಳೆಯಲ್ಲಿ ಸಿಂಹಗಡಕ್ಕೆ ಹೋದದ್ದು ನನ್ನ ಮೊದಲನೆಯ ತಪ್ಪು.

ಗರಸು ಮತ್ತು ಎರೆಯ ಮೇಲೆ ರಬ್ಬರಿನ ಗುಣಕ್ಕಿಂತ ಹಲ್ಲುಗಳ ಆಕಾರವೇ ಮುಖ್ಯವಾಗುತ್ತದೆ. ಇಂಗ್ಲಿಷಿನಲ್ಲಿ ಲಗ್ ಎನ್ನುವ ಈ ಹಲ್ಲುಗಳ ಎತ್ತರ ಗಟ್ಟಿನೆಲದ ಶೂಗಳಲ್ಲಿ ಎರಡು ಮೂರು ಮಿಲಿಮೀಟರ್, ಎಲ್ಲ ಕಡೆಗೂ ಎಂದು ಮಾರುವ ಶೂಗಳಲ್ಲಿ ನಾಲ್ಕೈದು, ಕೆಸರಿಗೆಂದೇ ಮಾಡಿದವುಗಳಲ್ಲಿ ಆರರಿಂದ ಎಂಟು ಇರುತ್ತದೆ. ಉದ್ದ ಹಲ್ಲು ಉರುಳುವ ಸಣ್ಣಕಲ್ಲುಗಳ ನಡುವೆ ಇಳಿದು ಕೆಳಗಿನ ಗಟ್ಟಿನೆಲವನ್ನು ಮುಟ್ಟುತ್ತದೆ. ಹಲ್ಲುಗಳ ನಡುವಿನ ಅಂತರವೂ ಅಷ್ಟೇ ಮುಖ್ಯ. ಎರೆಹೊಲದಲ್ಲಿ ಮಳೆ ಬಂದಾಗ ಚಪ್ಪಲಿಗೆ ಮಣ್ಣು ಮೆತ್ತಿ, ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಾ ಹೋಗುವುದು ನಮ್ಮ ಕಡೆ ಬೆಳೆದವರಿಗೆಲ್ಲ ಗೊತ್ತು. ಹಲ್ಲುಗಳು ಒತ್ತೊತ್ತಾಗಿದ್ದರೆ ಅವುಗಳ ನಡುವೆಯೂ ಆ ಮಣ್ಣು ಹಾಗೆಯೇ ತುಂಬಿಕೊಳ್ಳುತ್ತದೆ, ಆಮೇಲೆ ಓಡುತ್ತಿರುವುದು ಮಣ್ಣಿನ ಮುದ್ದೆಯ ಮೇಲೆ, ರಬ್ಬರಿನ ಮೇಲಲ್ಲ. ಇನ್ನು ದಿಕ್ಕಿನ ವಿಷಯ: ಮುಂಗಾಲಿನ ಹಲ್ಲುಗಳು ಹತ್ತುವಾಗ ನೆಲವನ್ನು ಹಿಂದಕ್ಕೆ ತಳ್ಳಲೆಂದು ಒಂದು ಕಡೆಗೆ, ಹಿಮ್ಮಡಿಯ ಹಲ್ಲುಗಳು ಇಳಿಯುವಾಗ ತಡೆಯಲೆಂದು ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಿರುವುದನ್ನು ಅನೇಕ ಶೂಗಳಲ್ಲಿ ಕಾಣಬಹುದು.

ಹಾಗಾದರೆ ಅತಿ ಉದ್ದದ ಹಲ್ಲುಗಳಿರುವ ಶೂವೇ ಉತ್ತಮವೇ ಎಂದರೆ, ಅಲ್ಲ. ಬರಿಬಂಡೆಯ ಮೇಲೆ ಹಲ್ಲುಗಳ ತುದಿ ಮಾತ್ರ ಕಲ್ಲಿಗೆ ತಾಗುತ್ತದೆ, ನಡುವಿನ ಜಾಗವೆಲ್ಲ ವ್ಯರ್ಥ. ಉದ್ದವಾದ ತೆಳ್ಳಗಿನ ಹಲ್ಲು ಭಾರ ಬಿದ್ದಾಗ ಬಾಗುತ್ತದೆ, ಆ ಬಾಗುವಿಕೆಯೂ ಜಾರಿದಂತೆಯೇ ಅನ್ನಿಸುತ್ತದೆ. ಕೆಸರಿಗೂ ಬಂಡೆಗೂ ಒಂದೇ ಶೂ ಅತ್ಯುತ್ತಮವಾಗಿರುವುದು ಈ ಕಾರಣಕ್ಕಾಗಿಯೇ ಕಷ್ಟ. ಪುಣೆಯ ಟೇಕಡಿಗಳಿಗೆ ನಾಲ್ಕು ಮಿಲಿಮೀಟರಿನ ಸುತ್ತಮುತ್ತಲಿನ, ಅಂತರ ಬಿಟ್ಟು ಕೂರಿಸಿದ ಅಗಲವಾದ ಹಲ್ಲುಗಳು ಸಾಕು ಎಂಬುದು ನನ್ನ ಅನುಭವ.

ಇನ್ನು ಮೂರನೆಯ ಜಾರಿಕೆ, ಪಾದದ ಜಾರಿಕೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಮಂದಿ ಸೋಲುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ಅಳೆಯಿತು. ಯುರೋಪು, ಅಮೆರಿಕದವರಿಗಿಂತ ಭಾರತೀಯರ ಪಾದ ಸಾಮಾನ್ಯವಾಗಿ ಅಗಲ ಎಂಬುದು ಅದರಿಂದ ತಿಳಿಯಿತು. ಭಾರತೀಯರಿಗೆ 'ಭಾ' ಎಂಬ ಹೆಸರಿನ ಪ್ರತ್ಯೇಕ ಅಳತೆಯ ಪದ್ಧತಿಯನ್ನು ಸೂಚಿಸಿದ್ದೂ ಈ ಸಮೀಕ್ಷೆಯ ಆಧಾರದಿಂದಲೇ. ಆದರೆ ಅಂಗಡಿಯಲ್ಲಿ ಸಿಗುವ ಬಹುತೇಕ ಟ್ರೇಲ್ ಶೂಗಳು ಹೊರದೇಶದ ಪಾದಕ್ಕೆ ಹೊಲಿದವು. ಮುಂಗಾಲು ಬಿಗಿಯಾಯಿತೆಂದು ನಾವು ಒಂದು ಸೈಜು ದೊಡ್ಡದನ್ನು ಕೇಳುತ್ತೇವೆ. ಅಗಲದ ಕೊರತೆಯನ್ನು ಉದ್ದದಿಂದ ತುಂಬಿಕೊಂಡಂತಾಗುತ್ತದೆ ಅದು. ಹಿಮ್ಮಡಿಯ ಹಿಂದೆಯೂ ಪಾದದ ಮೇಲೂ ಖಾಲಿ ಜಾಗ ಉಳಿಯುತ್ತದೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿದು ಬೆರಳು ತುದಿಗೆ ಬಡಿಯುತ್ತದೆ, ಕೆಲವು ದಿನಗಳಲ್ಲಿ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ನಾನು ಮಾಡಿದ್ದೂ ಇದನ್ನೇ.

ಸೈಜಿನ ಅಂಕೆಗಳನ್ನು ನಂಬಿ ಕೊಳ್ಳುವುದೂ ಸುರಕ್ಷಿತವಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸೈಜಿನಿಂದ ಇನ್ನೊಂದಕ್ಕೆ ಮೂರನೇ ಒಂದು ಅಂಗುಲ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸವಿದೆ; ಯುರೋಪಿನ ಪದ್ಧತಿಯಲ್ಲಿ ಅದು ಸುಮಾರು 6.7 ಮಿಲಿಮೀಟರ್. ಒಂದು ಪದ್ಧತಿಯ ಅಂಕೆ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಪರಿವರ್ತನೆಯ ಪಟ್ಟಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದು ಉದ್ದ ಮತ್ತು ಅಗಲ ಎರಡನ್ನೂ ಅಳೆದುಕೊಳ್ಳಬೇಕು. ಎರಡು ಪಾದಗಳೂ ಒಂದೇ ಅಳತೆಯವಾಗಿರುವುದು ಅಪರೂಪ. ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಂಗಡಿಯಲ್ಲಿ ಶೂವಿನ ಒಳಗಿನ ಹಾಸನ್ನು ಹೊರತೆಗೆದು ಅದರ ಮೇಲೆ ನಿಂತರೆ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು, ಪಕ್ಕದಲ್ಲಿ ಪಾದ ಹಾಸಿನ ಅಂಚನ್ನು ದಾಟಬಾರದು. ದಾಟಿದರೆ ದೊಡ್ಡ ಸೈಜಿಗೆ ಹೋಗದೆ, ಅಗಲ ಹೆಚ್ಚಿರುವ ಬೇರೆ ಮಾದರಿಯನ್ನೇ ಹುಡುಕಬೇಕು. ಅಟ್ಟೆಗೆ ಮಣ್ಣು ತಾಗಿದ ಶೂವನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಈ ಪರೀಕ್ಷೆಗಳನ್ನೆಲ್ಲ ಮನೆಯೊಳಗೇ ಮುಗಿಸುವುದು ಜಾಣತನ.

ಪಾದ ನಿಜವಾಗಿ ಒಳಗೆ ಸರಿಯುತ್ತಿದೆಯೇ ಎಂದು ತಿಳಿಯಲು ನಾನು ಕಂಡುಕೊಂಡ ಉಪಾಯ ಸೀಮೆಸುಣ್ಣದ್ದು. ಕಪ್ಪು ಕಾಲುಚೀಲದ ಹಿಮ್ಮಡಿಯ ಹಿಂಬದಿಗೆ ಸೀಮೆಸುಣ್ಣದಿಂದ ಒಂದು ದಪ್ಪ ಚುಕ್ಕೆ ಇಟ್ಟು, ಅದು ಅಳಿಸದಂತೆ ಮೆಲ್ಲಗೆ ಶೂ ಹಾಕಿ ಲೇಸು ಬಿಗಿದು, ಪರ್ವತಿ ಗುಡ್ಡದ ಕಲ್ಲಿನ ಮೆಟ್ಟಿಲುಗಳನ್ನು ನಡೆಯುವ ವೇಗದಲ್ಲಿ ಇಳಿದೆ. ಕೆಳಗೆ ಕುಳಿತು ಕಳಚಿ ನೋಡಿದರೆ ಶೂವಿನ ಒಳಮೈಯಲ್ಲಿ ಕಿರುಬೆರಳಿನ ಉಗುರಿನಷ್ಟು ಉದ್ದದ ಬಿಳಿ ಗೀರು ಕಾಣಿಸಿತು. ಮರುದಿನ ಲೇಸು ಕಟ್ಟುವ ಕ್ರಮವನ್ನು ಮಾತ್ರ ಬದಲಿಸಿದೆ. ಹೆಚ್ಚಿನ ಶೂಗಳಲ್ಲಿ ಮೇಲ್ತುದಿಗೆ, ತುಸು ಹಿಂದೆ ಸರಿದು, ಒಂದು ಜೊತೆ ಹೆಚ್ಚುವರಿ ತೂತು ಇರುತ್ತದೆ. ಬಹಳ ಮಂದಿ ಅದನ್ನು ಬಳಸುವುದೇ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿನೊಳಗೆ ಹಾಕಿ ಸಣ್ಣ ಕುಣಿಕೆ ಉಳಿಸಿ, ಬಲದ ತುದಿಯನ್ನು ಎಡದ ಕುಣಿಕೆಯೊಳಗೂ ಎಡದ ತುದಿಯನ್ನು ಬಲದ ಕುಣಿಕೆಯೊಳಗೂ ತೂರಿಸಿ ಕೆಳಮುಖವಾಗಿ ಎಳೆದರೆ ಶೂ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಅದೇ ಕಾಲುಚೀಲ, ಅದೇ ಮೆಟ್ಟಿಲು. ಈ ಸಲ ಚುಕ್ಕೆ ಚುಕ್ಕೆಯಾಗಿಯೇ ಉಳಿದಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ನಾನು ಬಿಟ್ಟುಕೊಡುವುದಿಲ್ಲ. ಹೊಸ ಶೂವಿಗೆ ಹೊಸ ಕಾಲುಚೀಲವನ್ನೂ ಸೇರಿಸಿದರೆ ಗುಳ್ಳೆ ಬಂದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಮೆತ್ತೆ, ತಟ್ಟೆ, ಎತ್ತರ ಇವುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅಟ್ಟೆ ಮತ್ತು ಪಾದದ ನಡುವಿನ ನೊರೆಯಂಥ ಪದರ ಹೆಚ್ಚಾಗಿ ಇವಿಎ ಎಂಬ ಪ್ಲಾಸ್ಟಿಕ್ಕಿನದು. ಅದರೊಳಗಿನ ಗಾಳಿಗುಳ್ಳೆಗಳು ಹೊಡೆತವನ್ನು ನುಂಗುತ್ತವೆ. ಕೆಲವು ಶೂಗಳಲ್ಲಿ ಚೂಪುಗಲ್ಲು ಒತ್ತದಂತೆ ತೆಳುವಾದ ಗಟ್ಟಿ ತಟ್ಟೆಯನ್ನೂ ಇಟ್ಟಿರುತ್ತಾರೆ. ಹೆಬ್ಬೆರಳಿನಿಂದ ಅಟ್ಟೆಯನ್ನು ಕೆಳಗಿನಿಂದ ಒತ್ತಿದರೆ ಅದು ಇದೆಯೋ ಇಲ್ಲವೋ ತಿಳಿಯುತ್ತದೆ. ಮೆತ್ತೆ ದಪ್ಪವಾದಷ್ಟೂ ಅಂಗಾಲಿಗೆ ಸುಖ, ಆದರೆ ಪಾದ ನೆಲದಿಂದ ಮೇಲೇರಿದಷ್ಟೂ ಕಲ್ಲಿನ ಅಂಚಿನ ಮೇಲೆ ಹೆಜ್ಜೆ ಬಿದ್ದಾಗ ಹರಡು, ಅಂದರೆ ಪಾದದ ಗಂಟು, ಹೊರಳುವ ಬಲ ಹೆಚ್ಚುತ್ತದೆ. ಹರಡಿನ ಹೊರಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟುಗಳೇ ಅತಿ ಹೆಚ್ಚು ಉಳುಕುವವು; ಒಮ್ಮೆ ಉಳುಕಿಸಿಕೊಂಡವರು ಎತ್ತರದ ಶೂವನ್ನು ಕಲ್ಲುದಾರಿಗೆ ಆರಿಸುವ ಮುನ್ನ ಯೋಚಿಸಬೇಕು. ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, ಅಂದರೆ ಡ್ರಾಪ್, ರಸ್ತೆಯ ಶೂಗಳಲ್ಲಿ ಹತ್ತು ಮಿಲಿಮೀಟರ್ ಇದ್ದರೆ ಟ್ರೇಲ್ ಶೂಗಳಲ್ಲಿ ನಾಲ್ಕರಿಂದ ಎಂಟು ಸಾಮಾನ್ಯ. ಇದು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೂ ಹೆಚ್ಚಿನ ಭಾರ ಬೀಳುತ್ತದೆ; ಆದ್ದರಿಂದ ಮೊದಲ ಎರಡು ಮೂರು ವಾರ ಹಳೆಯ ಶೂವಿನೊಂದಿಗೆ ಸರದಿಯಲ್ಲಿ ಹಾಕಿಕೊಳ್ಳುವುದು ಒಳ್ಳೆಯದು.

ನೀರು ನುಗ್ಗದ ಪೊರೆಯಿರುವ ಶೂವನ್ನು ನಾನು ಪುಣೆಯ ಮಳೆಗಾಲಕ್ಕೆ ಒಪ್ಪುವುದಿಲ್ಲ. ಹಳ್ಳ ದಾಟುವಾಗ ನೀರು ಬರುವುದು ಮೇಲಿನಿಂದ, ಹರಡಿನ ಬಳಿಯಿಂದ. ಒಳಬಂದ ನೀರನ್ನು ಆ ಪೊರೆ ಹೊರಗೆ ಬಿಡುವುದಿಲ್ಲ, ಪಾದ ನೆನೆದು ಬಿಳಚಿಕೊಂಡು ಚರ್ಮ ಸುಲಭವಾಗಿ ಕಿತ್ತುಬರುತ್ತದೆ. ಶೂವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಕೆಟ್ಟಿನಲ್ಲಿ ಅದ್ದಿ ತೆಗೆದು, ಹತ್ತು ನಿಮಿಷ ಹಾಕಿಕೊಂಡು ನಡೆದು ಮತ್ತೆ ತೂಗಿ ನೋಡಿ. ಎಷ್ಟು ನೀರು ಬೇಗ ಹೊರಹೋಯಿತು ಎಂಬುದೇ ಇಲ್ಲಿ ಪರಿಗಣಿಸಬೇಕಾದ ಗುಣ.

ಇಷ್ಟೆಲ್ಲ ಆದ ಮೇಲೆ ಬೆಟ್ಟ. ಸಿಂಹಗಡದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಅತಕರವಾಡಿಯ ಕಡೆಯಿಂದ ಸುಮಾರು ಎರಡೂವರೆ ಕಿಲೋಮೀಟರ್ ದಾರಿಯಲ್ಲಿ 500 ಮೀಟರಿಗೂ ಹೆಚ್ಚು ಏರಬೇಕು. ಇಳಿಯುವಾಗ ಆ ದಾರಿ ಯಾವ ದೋಷವನ್ನೂ ಮುಚ್ಚಿಡುವುದಿಲ್ಲ. ಕಾರ್ತಿಕದ ಒಂದು ಒಣ ಮುಂಜಾನೆ, ಲೇಸಿಗೆ ಕುಣಿಕೆ ಹಾಕಿಕೊಂಡು ಅದೇ ಶೂವಿನಲ್ಲಿ ಮತ್ತೆ ಇಳಿದೆ. ನಾನು ಬಿದ್ದಿದ್ದ ತಿರುವಿನಲ್ಲಿ ಬಲ ಹಿಮ್ಮಡಿ ತನ್ನ ಜಾಗದಲ್ಲಿಯೇ ಇತ್ತು, ಬೆರಳು ತುದಿಗೆ ಬಡಿಯಲಿಲ್ಲ. ಅದಕ್ಕಿಂತ ಕೆಳಗೆ, ಗರಸು ಹರಡಿದ ಕಡೆ, ಒಮ್ಮೆ ಜಾರಿದೆ. ಈ ಸಲ ಜಾರಿದ್ದು ಎಲ್ಲಿ ಎಂಬುದು ಆ ಕ್ಷಣವೇ ಗೊತ್ತಾಯಿತು: ಕಲ್ಲುಗಳು ಅಟ್ಟೆಯೊಂದಿಗೆ ಉರುಳುವ ಸದ್ದು ಕೇಳಿಸಿತ್ತು, ಪಾದ ಶೂವಿನೊಳಗೆ ಕದಲಿರಲಿಲ್ಲ. ಅಲ್ಲಿ ಹೆಜ್ಜೆಯನ್ನು ಚಿಕ್ಕದಾಗಿಸಿ ಇಳಿದೆ.

ಆ ಶೂ ಈಗ 400 ಕಿಲೋಮೀಟರ್ ದಾಟಿದೆ. ಬಲ ಹಿಮ್ಮಡಿಯ ಹೊರಅಂಚಿನ ಎರಡು ಹಲ್ಲುಗಳು ಉಳಿದವುಗಳಿಗಿಂತ ಗಿಡ್ಡವಾಗಿವೆ, ಉಗುರಿನಿಂದ ಒತ್ತಿದರೆ ಮೊದಲಿನಂತೆ ಗುರುತು ಮೂಡುವುದಿಲ್ಲ. ಮೃಗಶಿರ ಮಳೆ ಶುರುವಾಗುವ ಮುನ್ನ ಅದನ್ನು ಮತ್ತೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ನೋಡಬೇಕು.